ದಾಕ್ಷಾಯಣಿಯ ಮಾತು ಕೇಳಿದ ನಾಯಿ

ಹತ್ತಿ ಗಿರಣಿಗಳ ಒಂದು ಊರು. ಆ ಊರಲ್ಲಿ ಎಲ್ಲರಿಗಿಂತ ದೊಡ್ಡ ಗಿರಣಿ ಇದ್ದ ಸಾಹುಕಾರ ಒಬ್ಬ, ಮುರಿಗೆಪ್ಪ ಅಂತ. ನೋಡಿ, ಮೊದಲೇ ಹೇಳಿಬಿಡುತ್ತೇನೆ: ಶ್ರೀಮಂತನ ಕಥೆ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಒಬ್ಬ ಜಿಪುಣ ಬಂದು ನಿಲ್ಲುತ್ತಾನೆ. ಇವನು ಹಾಗಲ್ಲ. ಹೆಂಡತಿಯನ್ನು ಜೀವದಂತೆ ನೋಡಿಕೊಂಡವನು. ಇವನು ಮಾಡಿದ್ದು ಒಳ್ಳೆಯವರು ಮಾಡುವ ತಪ್ಪು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಹೆಂಡತಿ ದಾಕ್ಷಾಯಣಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿದರು, ಕ್ಯಾನ್ಸರ್ ಅಂದರು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಕೂದಲು ಉದುರಿತು. ಬಾಯಿ ತುಂಬ ಹುಣ್ಣು. ಕುಡಿದ ಗಂಜಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಮುರಿಗೆಪ್ಪ ಏನು ಮಾಡಿದ? ಮಾಡದ್ದು ಏನು ಅಂತ ಕೇಳಿ! ದೊಡ್ಡ ಆಸ್ಪತ್ರೆಗೆ ಕರೆದೊಯ್ದ, ಅಭಿಷೇಕ ಮಾಡಿಸಿದ, ಹರಕೆ ಹೊತ್ತ. ಮನೆಯಲ್ಲಿ ಟಿವಿ ಬಂದ್ ಮಾಡಿಸಿದ. ಹಬ್ಬಕ್ಕೆ ಹೋಳಿಗೆ ಇಲ್ಲ. ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಅಡುಗೆಮನೆಯನ್ನು ಅವನ ಅಕ್ಕ ಶಿವಗಂಗವ್ವ ವಹಿಸಿಕೊಂಡಳು. ಮನೆಯ ಯಜಮಾನಿ ದಾಕ್ಷಾಯಣಿಗೆ ಉಳಿದದ್ದು ಒಂದು ಮಂಚ. ಏಳಬ್ಯಾಡ, ಕುಂಡ್ರಬ್ಯಾಡ, ಇದನ್ನ ಕುಡಿ, ಅದನ್ನ ಮುಟ್ಟಬ್ಯಾಡ. ಬೆಳಗಿನಿಂದ ಸಂಜೆತನಕ ಎಲ್ಲರೂ ಅವಳಿಗೆ ಅಪ್ಪಣೆ ಮಾಡುವವರೇ. ಪ್ರೀತಿಯಿಂದಲೇ, ನೋಡಿ. ಪ್ರೀತಿಯಿಂದಲೇ!

ಹೀಗಿರುವಾಗ ಗಿರಣಿ ಕಾಯಲು ಅಂತ ಮುರಿಗೆಪ್ಪ ಒಂದು ನಾಯಿ ಕೊಂಡಿದ್ದ. ಪೊಲೀಸ್ ನಾಯಿಗಳನ್ನು ಪಳಗಿಸಿ ನಿವೃತ್ತನಾದ ಒಬ್ಬನ ಹತ್ತಿರ ಅದನ್ನು ತರಬೇತಿಗೆ ಬಿಟ್ಟಿದ್ದ. ಹೆಸರು ಬಾದಶಾ. ತರಬೇತಿ ಮುಗಿದು ಅದು ಬಂದ ದಿನ ಅಮಾವಾಸ್ಯೆ, ಗಿರಣಿಗೆ ರಜೆ. ಒಂದು ದಿನ ಇರಲಿ ಅಂತ ಮನೆಯ ಹಿತ್ತಲಲ್ಲಿ ಕಟ್ಟಿದರು.

ದಾಕ್ಷಾಯಣಿ ಕಿಟಕಿಯಿಂದ ನೋಡಿದಳು. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಳು. ಅದಕ್ಕೆ ಹಿಂದಿಯಲ್ಲಿ ಕಲಿಸಿದ್ದಾರೆಂದು ಕೇಳಿದ್ದಳಲ್ಲ, ಮೆಲ್ಲಗೆ, ನಾಚಿಕೊಂಡು ಅಂದಳು: "ಬಾದಶಾ, ಬೈಠೋ."

ಅಷ್ಟು ದೊಡ್ಡ ನಾಯಿ ತಟ್ಟನೆ ಕೂತಿತು.

ದಾಕ್ಷಾಯಣಿ ನಕ್ಕಳು. ಹುಣ್ಣಾದ ಬಾಯಿಯಿಂದ ನಕ್ಕಳು. ಯಾಕೆ ನಕ್ಕಳು ಹೇಳಿ? ಇಡೀ ಮನೆ ಅವಳಿಗೆ ಅಪ್ಪಣೆ ಮಾಡುತ್ತಿತ್ತು. ಅವತ್ತು ಒಂದು ಜೀವ ಅವಳ ಅಪ್ಪಣೆ ಕೇಳಿತು!

ಮರುದಿನ ಗಿರಣಿಯವರು ನಾಯಿ ಒಯ್ಯಲು ಬಂದರೆ, "ಇಲ್ಲೇ ಇರ್ಲಿ ಬಿಡ್ರಿ" ಅಂದಳು. ಆಗಿನಿಂದ ಮುಂಜಾನೆ ಎಂದರೆ ಹಿತ್ತಲು. ತೆಂಗಿನ ಚಿಪ್ಪು ಬಚ್ಚಿಡುವುದು, ಅದು ಮೂಸಿ ಹುಡುಕಿ ತರುವುದು. ಹಿಂದಿ ಕಲಿತ ನಾಯಿಗೆ ಕನ್ನಡ ಕಲಿಸತೊಡಗಿದಳು: ಬಾ, ಕುಂಡ್ರು, ತಡಿ. ಮಂದಿಯೆದುರು ತಲೆಯ ಮೇಲಿನ ಸೆರಗು ಜಾರಲು ಬಿಡದವಳು ನಾಯಿಯೆದುರು ಬೋಳುತಲೆಯಲ್ಲೇ ಬಿಸಿಲಿಗೆ ಕೂರುತ್ತಿದ್ದಳು. ಸಂಕಟ ಹೋಯಿತೇ? ಇಲ್ಲ. ವಾಂತಿ ನಿಂತಿತೇ? ಇಲ್ಲ. ಆದರೆ ಬೆಳಗಾದರೆ ಏಳಬೇಕು ಅನ್ನಿಸುತ್ತಿತ್ತು. ಜಡ್ಡಿನವರಿಗೆ ಅದೇನು ಸಣ್ಣ ಮಾತೇ?

ಒಂದು ಮಧ್ಯಾಹ್ನ ಮುರಿಗೆಪ್ಪ ಮನೆಗೆ ಬಂದಾಗ ಹಿತ್ತಲಿಂದ ಜೋರು ನಗು ಕೇಳಿತು. ಅಂಜಿ ಹಿತ್ತಲಿಗೆ ಓಡಿದ.

"ಏನಿದು ನಗೂದು? ಮನ್ಯಾಗ ಇಂಥಾ ಬ್ಯಾನಿ ಇಟ್ಕೊಂಡು! ಮದಲ ಆರಾಮ ಆಗು, ಆಮ್ಯಾಲ ನಗುವಂತಿ."

ಶಿವಗಂಗವ್ವ ಒಂದು ಮಾತು ಸೇರಿಸಿದಳು: "ನಾಯಿ ಕೂದಲಾ, ಜೊಲ್ಲಾ... ಏನರ ನಂಜ ಆದರ ಯಾರಪ್ಪ ಹೊಣಿ?"

ಅಂಜಿಕೆ, ನೋಡಿ. ಅಂಜಿಕೆಗೆ ಕಣ್ಣಿಲ್ಲ. ಡಾಕ್ಟರನ್ನು ಒಂದು ಮಾತು ಕೇಳಲಿಲ್ಲ. ಅವತ್ತೇ ಬಾದಶಾನನ್ನು ಗಿರಣಿಗೆ ಕಳಿಸಿದ, ಸರಪಳಿ ಹಾಕಿಸಿದ. ದಾಕ್ಷಾಯಣಿ ಜಗಳ ಮಾಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕರೆದರೆ "ಹೂಂ" ಅನ್ನುತ್ತಿದ್ದಳು, ಅಷ್ಟೇ. ಔಷಧಿಯ ಸುಸ್ತು ಅಂದುಕೊಂಡರು.

ಮುಂದಿನ ಕೀಮೋಗೆ ಹೋದಾಗ ಡಾಕ್ಟರಮ್ಮ ನಾಡಿ ಹಿಡಿದು ಕೇಳಿದರು: "ಹ್ವಾದ ಸಲ ನಾಯಿ ಸುದ್ದಿ ಹೇಳಿ ನನ್ನ ನಗಸಿದ್ರಲ್ರೀ. ಹೆಂಗೈತಿ ಅದು?"

ಆಪರೇಷನ್ನಿಗೆ ಅಳದವಳು, ಕೂದಲು ಹೋದಾಗ ಅಳದವಳು, ಆಗ ಬಿಕ್ಕಿ ಬಿಕ್ಕಿ ಅತ್ತಳು.

ಮುರಿಗೆಪ್ಪ ಗಾಬರಿಯಾದ. "ಏ, ಒಂದು ನಾಯಿಗಿ ಇಷ್ಟ್ಯಾಕ ಅಳ್ತಿ?"

"ನಾಯಿಗಲ್ರೀ," ಅಂದಳು. "ನಾ ಇನ್ನಾ ಸತ್ತಿಲ್ಲ. ನೀವೆಲ್ಲಾರೂ ಈಗಿಂದನ ನನ್ನ ಮುಂದ ಅಳಾಕ ಕುಂತೀರಿ. ನಾ ಇನ್ನಾ ಅದೀನಿ ಅಂತ ಅದಕ್ಕೊಂದಕ್ಕ ಗೊತ್ತಿತ್ತು."

ನಾಯಿಯನ್ನು ಯಾಕೆ ಗಿರಣಿಗೆ ಕಳಿಸಿದೆನೆಂದು ಮುರಿಗೆಪ್ಪ ಡಾಕ್ಟರಮ್ಮನಿಗೆ ಹೇಳಿದ. ಅವರು ಹೇಳಿದರು: ನಾಯಿಗೆ ಚುಚ್ಚುಮದ್ದು ಆಗಿರಲಿ, ಮುಖ ನೆಕ್ಕಲು ಬಿಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಬಿಳಿ ರಕ್ತಕಣ ಕಡಿಮೆಯಾದ ದಿನಗಳಲ್ಲಿ ಕಿಟಕಿಯಿಂದಲೇ ಮಾತಾಡಿಸಿ. ಇಷ್ಟೇ. ಒಂದು ಮಾತು ಕೇಳಿದ್ದರೆ ಮೊದಲೇ ಸಿಗುತ್ತಿದ್ದ ಉತ್ತರ!

ಕಾರು ನೆಟ್ಟಗೆ ಗಿರಣಿಗೆ ಹೋಯಿತು. ಮುರಿಗೆಪ್ಪ ಸರಪಳಿ ಹಿಡಿದು ಎಳೆದ, ಕೂಗಿದ, ಬೈದ. ನಾಯಿ ಅಲುಗಲಿಲ್ಲ. ಕಾರಿನ ಒಳಗಿಂದ ದಾಕ್ಷಾಯಣಿ ಮೆಲ್ಲಗೆ "ಬಾದಶಾ, ಬಾ" ಅಂದಳು. ಬಂತು.

ಆಮೇಲೆ ಮುರಿಗೆಪ್ಪನೂ ಮುಂಜಾನೆ ಹಿತ್ತಲಲ್ಲಿ ಕೂರತೊಡಗಿದ. ನಾಯಿ ಅವನ ಮಾತು ಕೇಳುತ್ತಿರಲಿಲ್ಲ. "ಗಿರಣಿ ಆಳಿಗಿ ಹೇಳಿದಂಗ ಹೇಳಬ್ಯಾಡ್ರೀ, ಸಣ್ಣಕ ಹೇಳ್ರಿ" ಅಂತ ಹೆಂಡತಿ ಕಲಿಸುತ್ತಿದ್ದಳು. ಅವನು ಸಣ್ಣ ದನಿಯಲ್ಲಿ "ಕುಂಡ್ರಪಾ ಮಾರಾಯ" ಅಂದರೆ ನಾಯಿ ಎದ್ದು ನಿಲ್ಲುತ್ತಿತ್ತು. ಗಂಡ ಹೆಂಡತಿ ಹೊಟ್ಟೆ ಹಿಡಿದು ನಗುತ್ತಿದ್ದರು. ಮದುವೆಯಾದ ಮೇಲೆ ಹಾಗೆ ಕೂಡಿ ಕೂತು ನಕ್ಕಿರಲೇ ಇಲ್ಲವಂತೆ.

ದಾಕ್ಷಾಯಣಿ ಬದುಕಿದಳೇ? ಇಲ್ಲ. ನಾನು ಸುಳ್ಳು ಹೇಳುವುದಿಲ್ಲ. ರೋಗ ಎಲುಬಿಗೆ ಇಳಿಯಿತು. ಔಷಧಿಗೆ ಬಗ್ಗಲಿಲ್ಲ. ಕಡೆಗೆ ಏಳಲಾರದ ದಿನಗಳು ಬಂದವು. ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಮುರಿಗೆಪ್ಪ ಹಿತ್ತಲಲ್ಲಿ ನಾಯಿಯ ಮುಂದೆ ನಿಂತು "ಕುಂಡ್ರು" ಅಂದ. ಕೂತಿತು. ಅವಳು ನೋಡಿದಳು. "ಕಲತ್ರಿ ನೋಡ್ರಿ" ಅಂದಳು. ಆ ವಾರವೇ ಹೋದಳು.

ಮಾತಾಡಿಸಲು ಬಂದ ಮಂದಿ ಸಮಾಧಾನ ಹೇಳಿದರು: "ನೀವೇನ ಕಡಿಮಿ ಮಾಡಿಲ್ರೀ ಸಾಹುಕಾರ್ರ, ಎಲ್ಲಾ ಮಾಡೀರಿ." ಅವನು ತಲೆ ಎತ್ತಲಿಲ್ಲ. "ನಾಯಿನ ಗಿರಣ್ಯಾಗ ಕಟ್ಟಿದ್ನಲ್ಲಾ, ಆಕಿ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ಲಲ್ಲಾ... ಆ ದಿನಾ ತಂದ ಕೊಡ್ರಿ ಯಾರರ" ಅಂದ.

ಯಾರು ತಂದುಕೊಡುತ್ತಾರೆ? ಹೇಳಿ, ನಿಮ್ಮಲ್ಲಿ ಯಾರು ತಂದುಕೊಡುತ್ತೀರಿ?

ಈಗ ನಿಮ್ಮ ಮನೆಗೆ ಬರುತ್ತೇನೆ. ರೋಗಿಯನ್ನು ನೋಡಲು ಎಳನೀರು ಹಿಡಿದು ಹೋಗುತ್ತೀರಿ. ಹೋಗಿ ಏನನ್ನುತ್ತೀರಿ? "ನಮ್ಮ ಓಣ್ಯಾಗೂ ಒಬ್ಬಾಕಿಗಿ ಹಿಂಗ ಆಗಿತ್ತು, ಪಾಪ, ಉಳೀಲಿಲ್ಲ." ನಗಬೇಡಿ. ಅಂದಿದ್ದೀರಿ! ಇನ್ನು ಅನ್ನಬೇಡಿ. ಮನೆಯಲ್ಲಿ ಮಲಗಿದ ತಾಯಿಗೆ ನೀವೇ ಎಲ್ಲ ತೀರ್ಮಾನ ಮಾಡಬೇಡಿ. ಇವತ್ತು ಏನು ಅಡುಗೆ ಮಾಡಲಿ ಅಂತ ಅವಳನ್ನು ಕೇಳಿ, ಅವಳು ಹೇಳಿದ್ದನ್ನು ಮಾಡಿ. ಉಪ್ಪು ಸಾಲದು ಅಂತ ಬೈದರೆ ಬೈಸಿಕೊಳ್ಳಿ. ರೇಡಿಯೋ ಬೇಕೆಂದರೆ ಹಚ್ಚಿ. ನಾಯಿ, ಬೆಕ್ಕು, ಮೊಮ್ಮಗು, ಯಾವುದರಿಂದ ಮುಖ ಅರಳುತ್ತದೋ ಡಾಕ್ಟರನ್ನು ಕೇಳಿ ಅದನ್ನು ಹತ್ತಿರ ತನ್ನಿ. ಆರಾಮಾದ ಮೇಲೆ ನಕ್ಕರಾಯಿತು ಅನ್ನಬೇಡಿ. ಆರಾಮಾಗುವುದು ನಮ್ಮ ಕೈಯಲ್ಲಿಲ್ಲ. ಇವತ್ತಿನ ಮುಂಜಾನೆ ಇದೆ.

ಇನ್ನೊಂದು ಮಾತು. ಮನೆಯಲ್ಲಿ ಜಡ್ಡಾದವರನ್ನು ಬಿಟ್ಟು ಈ ಪ್ರವಚನಕ್ಕೆ ಬಂದು ಕೂತವರು ಯಾರಾದರೂ ಇದ್ದರೆ, ಮಂಗಳಾರತಿಗೆ ಕಾಯಬೇಡಿ. ಪ್ರಸಾದ ಕಟ್ಟಿಸಿಕೊಳ್ಳಿ, ಈಗಲೇ ಏಳಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ, ದೇವರೂ ಮಾಡಿಕೊಳ್ಳುವುದಿಲ್ಲ. ಏಳಿ, ಅವರ ಹತ್ತಿರ ಹೋಗಿ ಕೂತುಕೊಳ್ಳಿ.