ನೇಪಾಳದ ದಾರಿಗೊಬ್ಬ ಡ್ರೈವರ್

ನಂಜನಗೂಡು ಬಸ್ ನಿಲ್ದಾಣದಲ್ಲಿ ಕೂತಿದ್ದ ಸಣ್ಣತಾಯಮ್ಮನ ಪಕ್ಕಕ್ಕೇ ಭಾವ-ಮೈದುನ ಇಬ್ಬರು ಬಂದು ಕೂತರು. ಮಂಚ, ಸ್ಟೌ ಎಲ್ಲ ಕೂರಿಸಿದ ಮ್ಯಾಟಡೋರಿನಲ್ಲಿ ಮನೆಮಂದಿಯೆಲ್ಲ ನೇಪಾಳ ನೋಡಲು ಹೊರಟಿದ್ದಾರೆಂದು ಅವರ ಮಾತಿನಿಂದಲೇ ಆಕೆಗೆ ತಿಳಿಯಿತು.

“ಗುರುಮಲ್ಲು, ಗಡಿ ದಾಟಿದ್ಮೇಲೆ ಗಾಡಿ ಯಾರಿಗಾದ್ರೂ ಗುದ್ದುದ್ರೆ, ಓಡಿಸ್ತಿದ್ದೋನು ನೀನು. ಪೊಲೀಸ್ರಿಗೆ ಎಲ್ರೂ ಅಂಗೇ ಏಳ್ಬೇಕು ಅಂತ ಮನೇಲಿ ಮಾತಾಗ್ಯದೆ.”

“ಓಡ್ಸೋರು ನೀವಲ್ವಾ ಭಾವ? ನಂಗೆ ಲೈಸೆನ್ಸ್ ಇರೋದಷ್ಟೆ, ಸ್ಟೇರಿಂಗ್ ಮುಟ್ಟಾಕೂ ಬುಡಾಕಿಲ್ಲ ನೀವು.”

“ನಂಗೆ ಎರಡು ಮಕ್ಕಳವೆ. ನಿಂಗಿನ್ನೂ ಮದ್ವೆ ಆಗಿಲ್ಲ. ಜೈಲಾದ್ರೂ ಎಂಗೋ ಬುಡಿಸ್ಕೊಂಡು ಬತ್ತೀವಿ.”

“ಪರದೇಶದ ಜೈಲು ಭಾವ. ನನ್ನ ಎತ್ತಾಡ್ಸಿದ ಅಕ್ಕ ಇದ್ಕೆ ಒಪ್ತಾಳಾ?”

“ನಿನ್ನ ಎಸ್ರು ಏಳಿದ್ದೇ ಅವ್ಳು ಕಣ್ಲಾ.”



“ನನ್ನ ಎಸ್ರು ಏಳುವಾಗ ಅಳ್ತಿದ್ಲಾ?”

“ಇಲ್ಲ. ಅವರೆಕಾಯಿ ಸುಲೀತಿದ್ಲು.”

ನರಸೀಪುರದ ಬಸ್ಸು ಬಂತು. ಭಾವ ಓಡಿಹೋಗಿ ಕಿಟಕಿಯಿಂದ ಟವೆಲ್ ಎಸೆದು, ಇಬ್ಬರಿಗೂ ಸೀಟು ಹಿಡಿದು ಕೂತ. ಹಿಂದೆಯೇ ಹತ್ತಿದ ಸಣ್ಣತಾಯಮ್ಮನಿಗೆ ಗುರುಮಲ್ಲು ಭಾವನ ಪಕ್ಕದಲ್ಲಿದ್ದ ಆ ಟವೆಲ್ ಸರಿಸಿ ಜಾಗ ಮಾಡಿಕೊಟ್ಟ.

“ಕೂತ್ಕೊಳವ್ವ. ಇದು ಯಾರ ಸೀಟೂ ಅಲ್ಲ,” ಅಂದವನೇ ಹಿಂದಕ್ಕೆ ಹೋಗಿ, ಕಂಬಿ ಹಿಡಿದು ನಿಂತ.