ತಾರಸಿ ಮೇಲಿನ ಹಿಪ್ಪುನೇರಳೆ

ಬಿಡದಿ ಕಡೆಗೆ ಹೊರಟ ಬಸ್ಸಿನಲ್ಲಿ ತಿಮ್ಮಯ್ಯನ ಮುಂದಿನ ಸೀಟಿನ ಹೆಂಗಸರಿಬ್ಬರೂ ರಾಮನಗರ ದಾಟುವ ಮೊದಲೇ ನಗಲು ಹತ್ತಿದ್ದರು. ಹಿರಿಯವಳ ಮಡಿಲಲ್ಲಿ ಬಟ್ಟೆ ಮುಚ್ಚಿದ ಬುಟ್ಟಿಯಿತ್ತು.

“ಲಕ್ಷ್ಮಕ್ಕ, ತಾರಸಿ ಮೇಲೆ ನಿನ್ನ ಸೊಸೆ ಹಾಕಿದ್ದ ಹೀರೆಕಾಯಿ ಏನಾಯ್ತು?”

“ಎಲ್ಲಿ ಹೀರೆಕಾಯಿ ಹಮೀದಮ್ಮ. ಬಳ್ಳಿ ಹಬ್ಲಿ ಅಂತ ಹಿಪ್ನೇರಳೆ ಕಡ್ಡಿ ಊರಿದ್ದೆ. ಬಳ್ಳಿ ಒಣಗೋಯ್ತು, ಕಡ್ಡಿ ಚಿಗುರ್ಕೊಂಬುಡ್ತು.”

“ಹುಟ್ಟಿದಾಗಿಂದ ರೇಷ್ಮೆ ಮಾಡ್ದೋಳು ನೀನು. ಹಸಿ ಕಡ್ಡಿ ನೆಟ್ರೆ ಬೇರು ಬಿಡ್ತದೆ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಕಣವ್ವ. ಹೊಲ ಫ್ಯಾಕ್ಟ್ರಿಗೆ ಹೋದ್ಮೇಲೆ ಕೈಗೆ ಹಿಪ್ನೇರಳೆ ಸೊಪ್ಪೇ ಸಿಕ್ಕಿರ್ನಿಲ್ಲ.”

“ಸೊಸೆ ಏನಂದ್ಲು?”

“ಸೊಪ್ಪು ಇರ್ಲಿ, ಮನೆಯೊಳಕ್ಕೆ ಹುಳ ತಂದ್ರೆ ತವರಿಗೆ ಹೊಂಟೋಯ್ತೀನಿ ಅಂದವ್ಳೆ.”

ಹಮೀದಾ ಬಟ್ಟೆ ಎತ್ತಿ ನೋಡಿದಳು. “ಮತ್ತೆ ಇದೇನಕ್ಕ?”

“ರೇಷ್ಮೆ ಮರಿಹುಳ. ಒಂದು ಹಿಡಿ ಅಷ್ಟೇಯ.”

ತಿಮ್ಮಯ್ಯ ತನ್ನ ಹೊಗೆಸೊಪ್ಪಿನ ಸಂಚಿಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ. ಆ ವಾಸನೆ ಹುಳಕ್ಕೆ ಆಗದು.

“ಎಲ್ಲಿ ಇಡ್ತೀಯ?”

“ನಿಮ್ಮನೇಲಿ.”

ಹಮೀದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ನಮ್ಮನೇಲಿ ಸೊಳ್ಳೆಬತ್ತಿ, ಒಗ್ಗರಣೆ ಘಾಟು, ನಮ್ಮೋರ ಅತ್ತರು. ಹುಳ ಬದುಕ್ತದಾ?”

“ಗೂಡು ಕಟ್ಟೋಗಂಟ ಎಲ್ಲ ನಿಲ್ಸು.”

“ಅತ್ತರು ಬಿಡಿ ಅಂದ್ರೆ ನಮ್ಮೋರು ನನ್ನನ್ನೇ ಬಿಡ್ತಾರೆ.”

“ಹುಳದ ಹಿಕ್ಕೆ ಎಲ್ಲ ನಿನ್ನ ಟೊಮ್ಯಾಟೊ ಕುಂಡಕ್ಕೆ ಕಣವ್ವ. ಒಳ್ಳೆ ಗೊಬ್ಬರ.”

ಹಮೀದಾ ಬುಟ್ಟಿಗೆ ಮತ್ತೆ ಬಟ್ಟೆ ಮುಚ್ಚಿದಳು. “ಪೂರ್ತಿ ನನಗೇನಾ?”

“ಪೂರ್ತಿ.”

ಇಬ್ಬರ ಮನೆಯೂ ಇದ್ದ ಲೇಔಟಿನ ಸ್ಟಾಪು ಬಂತು. ಇಳಿಯುವಾಗ ಬುಟ್ಟಿ ಹಮೀದಾಳ ಕೈಯಲ್ಲಿತ್ತು.

“ಬಿಸ್ಲು ಬೀಳ್ತದೆ, ಕೊಡೆ ಹಿಡಿಯಕ್ಕ.”

“ನಂಗಾ?”

“ಹುಳಕ್ಕೆ.”