ಅಳಿವೆ ದಾಟಿಸಿದ ಮಾತು

ಹತ್ತಿರ ಬನ್ನಿ, ಕಿವಿ ಇತ್ತ ಕೊಡಿ. ಯಾವ ಸೀಮೆಯೋ ಏನೋ, ಕಡಲ ದಂಡೇಲಿ ಒಂದೂರು. ಆ ಊರಲ್ಲಿ ಜಟ್ಟಪ್ಪ ಅಂತ ಒಬ್ಬ ತಾಂಡೇಲ. ತಾಂಡೇಲ ಅಂದ್ರೆ ಹಡಗು ನಡೆಸೋ ಯಜಮಾನ. ಎಂಥಾ ಯಜಮಾನ ಅಂತೀರಿ! ಮಾತು ಕಮ್ಮಿ, ಆಡಿದ್ದು ಗಾಳಿಗೂ ಅರ್ಥ ಆಗಬೇಕು.

ಆ ಊರ ಹೊಳೆ ಕಡಲು ಸೇರೋ ಅಳಿವೆ ಬಲು ಕೆಟ್ಟದ್ದು. ಒಳಗೆ ಬರುವಾಗ ಬಲಕ್ಕೆ ಮರಳದಿಬ್ಬ, ಎಡಕ್ಕೆ ಕರಿಬಂಡೆ. ಅಲ್ಲಿ ಆಳಿಗೊಂದು ಮಾತಾದ್ರೆ ಹಡಗು ಉಳಿದೀತಾ? ಅದಕ್ಕೇ ಒಂದು ಕಟ್ಟಳೆ. ಅಳಿವೆ ಬಂತು ಅಂದ್ರೆ ಎಲ್ಲರೂ ಬಾಯಿ ತುಂಬ ನೀರು ತುಂಬ್ಕೊಂಡು ಕೂರಬೇಕು. ಮಾತಾಡೋರು ಇಬ್ಬರೇ, ಮುಂದೆ ಜಟ್ಟಪ್ಪ, ಹಿಂದೆ ಚುಕ್ಕಾಣಿ ಹಿಡಿದ ಸುಕ್ರ. ಜಟ್ಟಪ್ಪ ಹೇಳಬೇಕು, ಸುಕ್ರ ಅದನ್ನೇ ತಿರುಗಿ ಹೇಳಬೇಕು, ಜಟ್ಟಪ್ಪ ಹೌದು ಅನ್ನಬೇಕು. ಆಮೇಲೇ ಚುಕ್ಕಾಣಿ ಅಲುಗಬೇಕು.

ಒಂದಿನ ಜಟ್ಟಪ್ಪನ ಮಗಳು ಮಾಸ್ತಿಯ ಮದುವೆ ಮುಗಿಸಿ ದಿಬ್ಬಣ ಅದೇ ಹಡಗಲ್ಲಿ ಬರ್ತಿತ್ತು. ಗಾಳಿ ಬೇರೆ ಎದ್ದಿತ್ತು. ಅಳಿಯನ ಸೋದರಮಾವ ದೊಡ್ಡ ಮಾತಿನಮಲ್ಲ. ಅವನ ಬಾಯಿಗೂ ನೀರು ಬಿತ್ತು. ಪಾಪ, ಹುಟ್ಟಿದಮೇಲೆ ಮೊದಲ ಸಲ ಸುಮ್ಮನಿದ್ದ ಅನ್ನಿ.

"ಎಡಕ್ಕೆ."

"ಎಡಕ್ಕೆ."

"ಹೌದು." ಮರಳದಿಬ್ಬ ತಪ್ಪಿತು.

"ನೇರ."

"ನೇರ."

"ಹೌದು." ನಡುನೀರು ಸಿಕ್ಕಿತು.

ಇನ್ನು ಬಂಡೆ ತಪ್ಪಿಸೋಕೆ ಬಲಕ್ಕೆ ಹೋಗಬೇಕು. ಕೇಳಿ, ಅಷ್ಟರಲ್ಲಿ ಒಂದು ಅಲೆ ಹೊಡೀತು, ಮಾಸ್ತಿ ಹಡಗಿನ ಅಂಚಿಗೆ ಜಾರಿದಳು. ಹೆತ್ತ ಕರುಳು ತಾನೇ? ಅಪ್ಪನ ಕಣ್ಣು ಅತ್ತ ಹೋಯ್ತು, ನಾಲಿಗೆ ತಪ್ಪಿತು.

"ಎಡಕ್ಕೆ."

"ಎಡಕ್ಕೆ," ಅಂದ ಸುಕ್ರ. ಕೈ ಮಾತ್ರ ಅಲುಗಲಿಲ್ಲ.

ತನ್ನ ಮಾತು ಸುಕ್ರನ ಬಾಯಲ್ಲಿ ಕೇಳಿದ್ದೇ ಜಟ್ಟಪ್ಪ ತಿರುಗಿ ಬಂಡೆ ನೋಡಿದ. "ಅಲ್ಲ. ಬಲಕ್ಕೆ."

"ಬಲಕ್ಕೆ."

"ಹೌದು."

ಬಂಡೆ ಹಡಗಿನ ಮೈ ಸವರಿ ಹಿಂದೆ ಉಳೀತು. ಮಾಸ್ತಿಯನ್ನ ಗಂಡ ಕೈ ಹಿಡಿದು ಒಳಗೆ ಎಳೆದುಕೊಂಡಿದ್ದ.

ದಡ ಮುಟ್ಟಿದ ಮೇಲೆ ಜಟ್ಟಪ್ಪ ಎಲ್ಲರೆದುರೂ ತಪ್ಪು ತನ್ನದೇ ಅಂದ. ಅಂಥ ದೊಡ್ಡತನ ಎಷ್ಟು ಜನಕ್ಕೆ ಬರ್ತದೆ ಹೇಳಿ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಆ ಹಡಗಲ್ಲಿ ಮಾತ್ರ ಆಡಿದ ಮಾತು ಒಂದು ಸಲ ವಾಪಸ್ ಬರ್ತಿತ್ತು.

ಮಾತಿನಮಲ್ಲ ಮಾವ ಸುಕ್ರನ ಬೆನ್ನು ತಟ್ಟಿದ. ಎದುರಿಗೆ ಬಂಡೆ ಕಂಡರೂ ಕೈ ಅಲುಗಿಸದೆ ಕೂತೆಯಲ್ಲ, ನಿಂದು ಗಟ್ಟಿ ಗುಂಡಿಗೆ ಅಂತ ಹೊಗಳಿದ.

ಸುಕ್ರ ನಕ್ಕ. "ನಂಗೆಲ್ಲಿ ಬಂಡೆ ಕಾಣ್ತದೆ ಮಾವಯ್ಯ? ಎದುರಿಗೆ ಹಾಯಿ ಅಡ್ಡ. ನಂಗೆ ಕಾಣೋದು ನಮ್ಮ ತಾಂಡೇಲನ ಮಾತೊಂದೇ. ಅದನ್ನ ಅವನಿಗೂ ಒಂದು ಸಲ ತೋರಿಸಿದೆ, ಅಷ್ಟೇ."

ಕೇಳಿದವರ ದೋಣಿ ದಡ ಸೇರಲಿ, ಹೇಳಿದವನಿಗೆ ಒಂದು ಬಟ್ಟಲು ಗಂಜಿ ಸಿಗಲಿ.